ಸರಕಾರದ್ದಂದ್ರ ನಮ್ದ ಅಲ್ಲೇನೋ? ಬೆಂಗಳೂರಿನ ಅಶೋಕ ಹೋಟೆಲಿನ ಕತೆ



ಪೋಸ್ಟ್ ಸ್ವಲ್ಪ ಉದ್ದ ಐತಿ. ಈಗ ಟೈಮ್ ಇಲ್ಲಾಂದ್ರೆ ಸೇವ್ ಮಾಡಿಟ್ಟುಕೊಂಡು ರಾತ್ರಿ ಓದಿ. ಆದರೆ ಕೊನೆತನಕ ಓದಿ, ಯಾಕಂದ್ರೆ ಕೊನೆಗೆ ನಿಮ್ಮಿಂದ ಆಗಬೇಕಾದ ಒಂದು ಕೆಲಸ ಇದೆ.

ಇತ್ತೀಚೆಗೆ ಬೆಂಗಳೂರಿನ ಗಾಂಧಿ ಭವನದಲ್ಲಿ ಒಂದು ಸಭೆ ಇತ್ತು. ನಮ್ಮ ಕನ್ನೊಳ್ಳಿಯಿಂದ ನಾನು, ನಮ್ಮ ಕಾಕಾ, ಜೊತೆಗೆ ಇಬ್ಬರು ಹುಡುಗರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಹೋಗಿದ್ದೆವು. ಸಭೆ ಮುಗಿದ ಮೇಲೆ ಕಾಲಾಡಿಸಿಕೊಂಡು ಬರೋಣ ಅಂತ ಶಿವಾನಂದ ಸರ್ಕಲ್ ಕಡೆಯಿಂದ ಕುಮಾರಕೃಪಾ ರಸ್ತೆಗೆ ಇಳಿದೆವು. ಅಲ್ಲಿ ಮರಗಳ ನಡುವೆ ಎದ್ದು ನಿಂತಿರುವ ಆ ದೊಡ್ಡ ಹೋಟೆಲಿನ ಮುಂದೆ ಕಾಕಾ ನಿಂತುಬಿಟ್ಟರು. ಕಾಕಾ ಹದಿನೈದು ವರ್ಷ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿದವರು. ಯಾವ ಕಟ್ಟಡ ನೋಡಿದ್ರೂ ಮೊದಲು ಎಷ್ಟು ಸ್ಲ್ಯಾಬ್ ಅಂತ ಎಣಿಸೋದು ಅವರ ಚಟ. ಎಣಿಸಿ ಮುಗಿಸಿ ಕೇಳಿದರು:

"ಇದು ಯಾರ್ದೋ ತಮ್ಮಾ?"

"ಸರಕಾರದ್ದು ಕಾಕಾ. ಬ್ಯಾರೆಯವರಿಗೆ ನಡಸಾಕ ಕೊಟ್ಟಾರ."

"ಸರಕಾರದ್ದಂದ್ರ ನಮ್ದ ಅಲ್ಲೇನೋ?"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಕಾಕಾ ಕೇಳಿದ್ದು ತಮಾಷೆಯ ಪ್ರಶ್ನೆ ಅಲ್ಲ. ಅವತ್ತಿನಿಂದ ಈ ಹೋಟೆಲಿನ ಹಿಂದೆ ಬಿದ್ದು ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೋಟೆಲ್ ಅಂದ್ರೆ ನನಗೆ ಮೊದಲು ನೆನಪಾಗೋದು ಐದು ನಕ್ಷತ್ರ ಅಲ್ಲ, ಒಂದು ಮೊಳೆ. ನಮ್ಮ ಕಡೆ ಒಂದು ಊರಿನ ಚಹಾದಂಗಡಿ. ನಾನು ಆಗ ಸಣ್ಣವ. ಅಪ್ಪನ ಜೊತೆ ಸಂತೆಗೆ ಹೋದಾಗ ಹೊರಗಿನ ತಡಿಕೆಗೆ ಹೊಡೆದ ಮೊಳೆಗೆ ನೇತು ಹಾಕಿದ್ದ ಕಪ್ಪು ಅಪ್ಪನೇ ತೆಗೆದುಕೊಂಡು, ತೊಳೆದು, ಹಿಡಿದು ನಿಂತರೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದ ಮೇಲೆ ಮತ್ತೆ ತೊಳೆದು ಅದೇ ಮೊಳೆಗೆ. ಬೇರೆಯವರಂಗೆ ನಾವೂ ರೊಕ್ಕ ಕೊಡ್ತಿದ್ವಿ. ರೊಕ್ಕಕ್ಕೆ ಮಾತ್ರ ಮೈಲಿಗೆ ಇರಲಿಲ್ಲ. ಇದು ಬಸವಣ್ಣ ಹುಟ್ಟಿದ ಜಿಲ್ಲೆ ಅಂತ ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಮೊಳೆಯ ಕತೆಯನ್ನೂ ಹೇಳಬೇಕು.

ಈ ಮೊಳೆ ನಮ್ಮ ಅಪ್ಪನಿಗೆ ಮಾತ್ರ ಕಾದಿರಲಿಲ್ಲ. ಬಾಬಾಸಾಹೇಬರಿಗೂ ಕಾದಿತ್ತು. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಅವರಿಗೆ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಹಿಂದೂ ಹೋಟೆಲುಗಳು ಸೇರಿಸಿಕೊಳ್ಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಪಾರ್ಸಿಗಳ ಗುಂಪು ಬಂದು ಅವರನ್ನು ಹೊರಗೆ ಹಾಕಿತು. ಅಮೆರಿಕದ ಡಿಗ್ರಿ ಕೈಯಲ್ಲಿ ಹಿಡಿದ ಮನುಷ್ಯ ಆ ದಿನ ಕಾಮಾಟಿ ಬಾಗ್ ಅನ್ನುವ ತೋಟದಲ್ಲಿ ಹೋಗಿ ಕುಳಿತರು. ಇದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಓದದೇ ಇದ್ದವರು ದಯವಿಟ್ಟು ಓದಿ, ಸಣ್ಣ ಪುಸ್ತಕ.

ಅದೇ ಕಾಲದ ಬೆಂಗಳೂರು ಹೇಗಿತ್ತು? ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಆಗ ಊರೂರಲ್ಲೂ ಬ್ರಾಹ್ಮಣರ ಫಲಾಹಾರ ಮಂದಿರದ ಬೋರ್ಡು ಇರುತ್ತಿತ್ತು. ಅಡುಗೆ ಮಾಡಿದವರ ಜಾತಿ ಬೋರ್ಡಿನ ಮೇಲೆ, ತಿನ್ನಲು ಬಂದವರ ಜಾತಿ ಗಲ್ಲಾದವರ ಕಣ್ಣಲ್ಲಿ.

ಹಾಗಾಗಿಯೇ ನಮ್ಮ ಸಂವಿಧಾನದಲ್ಲಿ 'ಹೋಟೆಲ್' ಅನ್ನೋ ಪದ ಇದೆ. ಇದನ್ನು ಎಷ್ಟು ಜನ ಗಮನಿಸಿದ್ದೀರಿ? 15ನೇ ವಿಧಿಯ ಎರಡನೇ ಖಂಡ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್, ಮನರಂಜನಾ ಸ್ಥಳಗಳಿಗೆ ಹೋಗಲು ಯಾರಿಗೂ ತಡೆ ಇರಕೂಡದು. ಸರ್ಕಾರ ಮಾತ್ರ ಅಲ್ಲ, ಖಾಸಗಿಯವರೂ ಮಾಡಕೂಡದು. ಜಗತ್ತಿನ ದೊಡ್ಡ ದೊಡ್ಡ ಸಂವಿಧಾನಗಳಲ್ಲಿ ಸ್ವಾತಂತ್ರ್ಯ, ಸಮಾನತೆ ಅಂತ ದೊಡ್ಡ ಪದಗಳಿರುತ್ತವೆ. ನಮ್ಮದರಲ್ಲಿ ಅವುಗಳ ಜೊತೆ ಬಾವಿ, ಕೆರೆ, ಸ್ನಾನಘಟ್ಟ, ಹೋಟೆಲ್ ಕೂಡ ಇವೆ. 1948ರ ನವೆಂಬರ್ 29ರಂದು ಈ ವಿಧಿಯ ಮೇಲೆ ಸಂವಿಧಾನ ಸಭೆಯಲ್ಲಿ ಚರ್ಚೆ ನಡೆದಾಗ 'ಅಂಗಡಿ' ಅಂದರೆ ಕ್ಷೌರದಂಗಡಿಯೂ ಬರುತ್ತದೆಯೇ, ಬಟ್ಟೆ ಒಗೆಯುವ ಅಂಗಡಿಯೂ ಬರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಜನರಿಗೆ ಸೇವೆ ಕೊಡುವ ಎಲ್ಲವೂ ಬರುತ್ತದೆ ಎಂಬ ವಿಶಾಲ ಅರ್ಥವನ್ನು ಬಾಬಾಸಾಹೇಬರು ಕೊಟ್ಟರು. ಅಸ್ಪೃಶ್ಯತೆ ರದ್ದು ಮಾಡುವ ವಿಧಿ, ಅಂದರೆ ಇವತ್ತಿನ 17ನೇ ವಿಧಿ, ಅಂಗೀಕಾರವಾದದ್ದೂ ಅದೇ ದಿನ.

ಆಮೇಲೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಿಸಿದರು. ಅದರ 4ನೇ ಕಲಮು ನೋಡಿ. ಹೋಟೆಲಿಗೆ ಬಿಡದಿದ್ದರೆ ಮಾತ್ರ ಅಪರಾಧ ಅಲ್ಲ, ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟಿರುವ ಪಾತ್ರೆ ಮುಟ್ಟಲು ಬಿಡದಿದ್ದರೂ ಅಪರಾಧ. ಅಂದರೆ ನಮ್ಮ ಅಪ್ಪನ ಕಪ್ಪಿನ ಮೊಳೆ ಕಾನೂನಿನ ಕಣ್ಣಿಗೆ ಬಿದ್ದಿತ್ತು. ಕಾನೂನು ದೆಹಲಿಯಿಂದ ನಮ್ಮೂರ ಕಡೆ ಬರಲು ತಡವಾಯಿತು, ಅಷ್ಟೇ.

ಇದು ಹೋಟೆಲಿನ ಮುಂಬಾಗಿಲ ಕತೆ. ಗಿರಾಕಿಯಾಗಿ ಒಳಗೆ ಹೋಗುವ ಹಕ್ಕು. ಇನ್ನು ಹಿಂಬಾಗಿಲ ಕತೆ ಹೇಳ್ತೀನಿ. ಒಳಗೆ ಕೆಲಸ ಮಾಡಿ ಸಂಬಳ ತರುವ ಹಕ್ಕಿನದು. ಕುಮಾರಕೃಪಾ ರಸ್ತೆಯ ಕಟ್ಟಡ ಬರೋದು ಇಲ್ಲಿ.

ಸ್ವತಂತ್ರ ಭಾರತದ ಸರ್ಕಾರ ಹೋಟೆಲ್ ಕಟ್ಟಲು ಶುರು ಮಾಡಿದ್ದು ದೆಹಲಿಯಲ್ಲಿ. 1956ರ ಯುನೆಸ್ಕೋ ಸಮ್ಮೇಳನಕ್ಕೆ ಬರುವ ವಿದೇಶಿ ಅತಿಥಿಗಳನ್ನು ಇಳಿಸಲು ಒಳ್ಳೆ ಜಾಗ ಇಲ್ಲ ಅಂತ ನೆಹರೂ ಕಾಲದಲ್ಲಿ ಅಶೋಕ ಹೋಟೆಲ್ ಎದ್ದಿತು. 1966ರ ಅಕ್ಟೋಬರಿನಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಅಂದರೆ ಐಟಿಡಿಸಿ, ಹುಟ್ಟಿತು. ನಿಗಮದ ಹೋಟೆಲುಗಳಿಗೆಲ್ಲ ಅಶೋಕ ಅನ್ನುವ ಹೆಸರೇ ಗುರುತಾಯಿತು. ಬೆಂಗಳೂರಿನ ಹೋಟೆಲ್ ಅಶೋಕ ಶುರುವಾದದ್ದು 1971ರಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ಪ್ರಿಯದರ್ಶಿ ಅಂತ ಶಾಸನ ಬರೆಸಿದ ರಾಜನೇ ಅಶೋಕ ಅನ್ನುವುದನ್ನು ಹೆಸರು ಹೇಳಿ ತೋರಿಸಿಕೊಟ್ಟ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ಅವನ ಹೆಸರು ಕೊರೆದ ಶಿಲ್ಪವೇ ಇದೆ. ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ತೆಗೆದುಕೊಂಡಿದ್ದು 1956ರ ಅಕ್ಟೋಬರ್ 14ರ ಅಶೋಕ ವಿಜಯದಶಮಿಯಂದು. ಅದೇ ವರ್ಷ ದೆಹಲಿಯಲ್ಲಿ ಅದೇ ಹೆಸರಿನ ಹೋಟೆಲ್. ಜನರಿಗಾಗಿ ದಾರಿ ಬದಿ ಮರ ನೆಡಿಸಿ, ಬಾವಿ ತೋಡಿಸಿದ ರಾಜನ ಹೆಸರನ್ನು ಐಷಾರಾಮಿ ಹೋಟೆಲಿಗೆ ಇಟ್ಟರಲ್ಲ ಅಂತ ಬೇಜಾರು ಮಾಡಿಕೊಳ್ಳಬಹುದು. ಆದರೆ ಆ ಹೆಸರಿಗೂ ನಮಗೂ ಸಂಬಂಧ ಇದೆ ಅನ್ನುವುದನ್ನು ಮರೆಯಬೇಡಿ.

ಜಾಗವೂ ಸಾಮಾನ್ಯದ್ದಲ್ಲ. ಪಕ್ಕದ ಕುಮಾರಕೃಪಾ ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಅವರ ಬಂಗಲೆ. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ವಿಶ್ರಾಂತಿಗೆ ಉಳಿದದ್ದು ಅಲ್ಲಿಯೇ. ಈಗ ಸರ್ಕಾರದ ಅತಿಥಿಗೃಹ. ಇನ್ನೊಂದು ಕಡೆ 1876ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ ಗಾಲ್ಫ್ ಕ್ಲಬ್ಬು. ದಿವಾನರ, ಸಾಹೇಬರ, ಮಹಾತ್ಮರ ನೆರಳು ಬಿದ್ದ ಜಾಗ. 1971ರಲ್ಲಿ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್, ಆ ಇಪ್ಪತ್ತೈದು ಅಂತಸ್ತಿನದು, ಬರಲು ಇನ್ನೂ ಎರಡು ವರ್ಷ ಇತ್ತು. ಹೆಂಚಿನ ಮನೆ, ಬಂಗಲೆಗಳ ಊರಿನಲ್ಲಿ ಸರ್ಕಾರಿ ದುಡ್ಡಿನಿಂದ ಎದ್ದ ಬಹುಮಹಡಿ ಹೋಟೆಲ್ ಆಗ ಹೇಗೆ ಕಂಡಿರಬೇಕು ಯೋಚಿಸಿ. ಸರ್ಕಾರಿ ದುಡ್ಡು ಅಂದರೆ ಬೆಂಕಿಪೊಟ್ಟಣ ಕೊಂಡಾಗ ನಮ್ಮವ್ವ ಕಟ್ಟಿದ ತೆರಿಗೆಯೂ ಅದರಲ್ಲಿ ಸೇರಿದೆ.

ಅಂಥಾ ಹೋಟೆಲಿಗೆ ನಮ್ಮವರು ಉಣ್ಣಾಕ ಹೋಗ್ತಿರಲಿಲ್ಲ, ಬಿಡ್ರಿ. ಅದು ಜಾತಿ ಕೇಳಲಿಲ್ಲ, ರೊಕ್ಕ ಕೇಳಿತು. ನಮ್ಮ ಹತ್ರ ಅದು ಇರಲಿಲ್ಲ. ಆದರೆ ಅದು ಸಾರ್ವಜನಿಕ ಉದ್ಯಮ. ಕೇಂದ್ರದ ನೌಕರಿಯಲ್ಲಿ 1970ರಿಂದ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5 ಮೀಸಲಾತಿ. ಸಾರ್ವಜನಿಕ ಉದ್ಯಮಗಳೂ ಅದನ್ನು ಪಾಲಿಸಬೇಕಿತ್ತು. ರೋಸ್ಟರ್ ಇಡಬೇಕಿತ್ತು, ಪಾರ್ಲಿಮೆಂಟಿಗೆ ಲೆಕ್ಕ ಕೊಡಬೇಕಿತ್ತು.

ಬೆಂಗಳೂರು ಆಗ ಸಾರ್ವಜನಿಕ ಉದ್ಯಮಗಳ ರಾಜಧಾನಿ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್. ಈ ಕಾರ್ಖಾನೆಗಳ ಬಸ್ಸುಗಳಲ್ಲಿ ಟಿಫಿನ್ ಡಬ್ಬಿ ಹಿಡಿದು ಹೋದ ದಲಿತ ತಂದೆಯರ ಮಕ್ಕಳು ಇವತ್ತು ಡಾಕ್ಟರು, ಲೆಕ್ಚರರು, ವಕೀಲರು. ನಮ್ಮ ಕಡೆಯ ಒಬ್ಬರು ಅಂಥದ್ದೊಂದು ಉದ್ಯಮದಲ್ಲಿ ಹೆಲ್ಪರ್ ಆಗಿ ಸೇರಿದರು. ಮೂವತ್ತು ವರ್ಷ ದುಡಿದರು. ಅವರ ಮನೆಗೆ ಹೋದರೆ ಗೋಡೆ ಮೇಲೆ ಮೂರು ಕಾನ್ವೊಕೇಶನ್ ಫೋಟೊ. ಅವರ ಒಡಹುಟ್ಟಿದ ತಮ್ಮ ಊರಲ್ಲೇ ಉಳಿದ. ಅವನ ಮಕ್ಕಳು ಇವತ್ತಿಗೂ ಕಬ್ಬು ಕಡಿಯಾಕ ಗುಳೆ ಹೋಗ್ತಾರ. ಒಂದೇ ತಾಯಿ ಹೊಟ್ಟೆಯ ಇಬ್ಬರ ನಡುವಿನ ವ್ಯತ್ಯಾಸ ಒಂದು ನೇಮಕಾತಿ ಪತ್ರ.

ಆಗ ಎಲ್ಲಾ ಸರಿ ಇತ್ತು ಅಂತ ನಾನು ಹೇಳ್ತಿಲ್ಲ. ಕಸಗುಡಿಸುವ ಹುದ್ದೆಗಳಲ್ಲಿ ನಮ್ಮವರು ಮೀಸಲಾತಿ ಮೀರಿ ತುಂಬಿರುತ್ತಿದ್ದರು, ಮೇಲಿನ ಹುದ್ದೆಗಳು 'ಅರ್ಹರು ಸಿಗಲಿಲ್ಲ' ಅಂತ ಬ್ಯಾಕ್‌ಲಾಗ್ ಆಗಿ ಉಳಿಯುತ್ತಿದ್ದವು. ಸರ್ಕಾರಿ ಹೋಟೆಲುಗಳ ನಿರ್ವಹಣೆ ಸರಿ ಇಲ್ಲ, ನಷ್ಟ ಆಗ್ತಿದೆ ಅನ್ನುವ ದೂರೂ ಪೂರ್ತಿ ಸುಳ್ಳಲ್ಲ. ಆದರೆ ಬ್ಯಾಕ್‌ಲಾಗ್ ಅನ್ನುವ ಪದ ಇರೋತನಕ ಒಂದು ಸಾಲ ಬಾಕಿ ಇದೆ ಅಂತ ಅರ್ಥ. ಸಾಲ ಕೇಳಲು ಬಾಗಿಲು ಇರುತ್ತದೆ. ಬಾಗಿಲನ್ನೇ ಕಿತ್ತು ಒಯ್ದರೆ ಯಾರನ್ನು ಕೇಳೋದು?

ಬಾಗಿಲು ಕಿತ್ತು ಒಯ್ದ ವರ್ಷ 2001.

1999ರ ಡಿಸೆಂಬರಿನಲ್ಲಿ ವಾಜಪೇಯಿ ಸರ್ಕಾರ ಹೂಡಿಕೆ ಹಿಂತೆಗೆತಕ್ಕೆ ಅಂತಲೇ ಒಂದು ಇಲಾಖೆ ಮಾಡಿತು. ಅರುಣ್ ಶೌರಿ ಅದರ ಮಂತ್ರಿಯಾದರು. 2001-02ರಲ್ಲಿ ಐಟಿಡಿಸಿಯ ಹೋಟೆಲುಗಳು ಒಂದೊಂದಾಗಿ ಹೋದವು. ದೆಹಲಿಯ ಕುತುಬ್, ಲೋಧಿ, ಉದಯಪುರದ ಲಕ್ಷ್ಮೀವಿಲಾಸ, ಆಗ್ರಾ, ಮಧುರೆ. ನಮ್ಮ ರಾಜ್ಯದಲ್ಲಿ ಹಾಸನ ಅಶೋಕ ಮಾರಾಟವಾಯಿತು. ಬೆಂಗಳೂರಿನ ಅಶೋಕವನ್ನು ಮಾರಲಿಲ್ಲ. ಭಾರತ್ ಹೋಟೆಲ್ಸ್ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟರು. ಆ ಕಂಪನಿಯ ಲಲಿತ್ ಸೂರಿ 2006ರಲ್ಲಿ ತೀರಿಕೊಂಡ ಮೇಲೆ ಅವರ ಹೋಟೆಲುಗಳಿಗೆಲ್ಲ 'ದಿ ಲಲಿತ್' ಅಂತ ಹೆಸರು ಬಂತು. ಹಾಗೆ ಕುಮಾರಕೃಪಾ ರಸ್ತೆಯ ಹೋಟೆಲ್ ಈಗ 'ಲಲಿತ್ ಅಶೋಕ'.

ನೆನಪಿಡಿ: ಗುತ್ತಿಗೆ. ಮಾರಾಟ ಅಲ್ಲ.

ಖಾಸಗಿ ಕಂಪನಿ ಸಂವಿಧಾನದ ಅರ್ಥದಲ್ಲಿ 'ರಾಜ್ಯ' ಅಲ್ಲ. ಆದ್ದರಿಂದ 16(4)ನೇ ವಿಧಿ ಅದಕ್ಕೆ ತಾಗುವುದಿಲ್ಲ. ಕಟ್ಟಡ ಅದೇ, ಅಡುಗೆಮನೆ ಅದೇ, ಲಿಫ್ಟ್ ಅದೇ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ರೋಸ್ಟರ್ ಮಾತ್ರ ಇಲ್ಲ. ಸಹಿ ಬಿದ್ದ ದಿನ ಯಾರೂ ಮೀಸಲಾತಿ ರದ್ದು ಅಂತ ಘೋಷಣೆ ಮಾಡಲಿಲ್ಲ. ಹಾಗಾಗಿ ಯಾವ ಊರಲ್ಲೂ ಬಂದ್ ಆಗಲಿಲ್ಲ, ಟೈರಿಗೆ ಬೆಂಕಿ ಬೀಳಲಿಲ್ಲ. ನಾವು ಪ್ರತಿಮೆಗೆ ಅವಮಾನವಾದರೆ ಬೀದಿಗೆ ಇಳಿಯುತ್ತೇವೆ, ಇಳಿಯಲೇಬೇಕು. ಆದರೆ ಫೈಲಿನೊಳಗೆ ನಮ್ಮ ಮಕ್ಕಳ ನೌಕರಿ ಹೋದಾಗ ಸದ್ದೇ ಕೇಳಿಸೋದಿಲ್ಲ.

ಅದೇ ವರ್ಷ ಇನ್ನೊಂದು ಘಟನೆ. ಛತ್ತೀಸಗಡದ ಬಾಲ್ಕೊ ಅಲ್ಯೂಮಿನಿಯಂ ಕಂಪನಿಯ ಶೇ. 51 ಷೇರನ್ನು ಸರ್ಕಾರ ಖಾಸಗಿಯವರಿಗೆ ಮಾರಿತು. ಕಾರ್ಮಿಕರು ಕೋರ್ಟಿಗೆ ಹೋದರು. 2001ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್, ಇದು ಸರ್ಕಾರದ ಆರ್ಥಿಕ ನೀತಿ, ನಾವು ಕೈ ಹಾಕುವುದಿಲ್ಲ ಅಂದಿತು. ಆ ಮಾರಾಟದ ಒಪ್ಪಂದದಲ್ಲಿ ಪರಿಶಿಷ್ಟರ ಬಗ್ಗೆ ಒಂದು ಸಾಲು ಇತ್ತು: ಅಂಥವರಿಗೆ ಉದ್ಯೋಗಾವಕಾಶ ಕೊಡಿಸಲು ಖರೀದಿದಾರರು ತಮ್ಮಿಂದಾದ ಉತ್ತಮ ಪ್ರಯತ್ನ ಮಾಡುತ್ತಾರೆ ಅನ್ನುವ ಅರ್ಥದ್ದು. ಹಕ್ಕು ಹೋಗಿ ಪ್ರಯತ್ನ ಬಂತು. ಪ್ರಯತ್ನಕ್ಕೆ ಪರ್ಸೆಂಟೇಜ್ ಇಲ್ಲ, ರಿಜಿಸ್ಟರ್ ಇಲ್ಲ, ಮಾಡದಿದ್ದರೆ ಶಿಕ್ಷೆ ಇಲ್ಲ.

ಬಿಜೆಪಿ ಮಾತ್ರ ಬೈದು ಸುಮ್ಮನಾಗೋಣ ಅನ್ನೋರಿಗೆ ಒಂದು ಮಾತು. ಷೇರು ಮಾರುವ ದಾರಿ ತೆರೆದಿದ್ದು 1991ರ ಕಾಂಗ್ರೆಸ್ ಸರ್ಕಾರ. 2004ರಲ್ಲಿ ಬಂದ ಯುಪಿಎ ಖಾಸಗಿ ವಲಯದ ಮೀಸಲಾತಿ ಬಗ್ಗೆ ಚರ್ಚೆ ಮಾಡುತ್ತೇವೆ ಅಂದಿತು. ಚರ್ಚೆ ಆಯಿತು. ಉದ್ಯಮಿಗಳ ಸಂಘಟನೆಗಳು ಸ್ವಯಂಪ್ರೇರಿತ ನೀತಿ ಸಂಹಿತೆ ಮಾಡಿಕೊಂಡವು. ಕಾನೂನು ಇವತ್ತಿನವರೆಗೂ ಇಲ್ಲ.

ಈಗ ಈ ಹೋಟೆಲ್ ನಡೆಸುವವರ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಲಲಿತ್ ಸಮೂಹದ ಕೇಶವ್ ಸೂರಿ ಒಬ್ಬರು. 2018ರ ಸೆಪ್ಟೆಂಬರ್ 6ರ ತೀರ್ಪನ್ನು ನಾವೆಲ್ಲ ಸಂಭ್ರಮಿಸಿದ್ದೇವೆ. ಟ್ರಾನ್ಸ್‌ಜೆಂಡರ್ ಸಮುದಾಯದವರಿಗೆ ಕೆಲಸ ಕೊಡಬೇಕು ಅಂತ ಆ ಸಮೂಹ ಬಹಿರಂಗವಾಗಿ ಮಾತಾಡುತ್ತದೆ. ಮೆಚ್ಚಬೇಕಾದ್ದೇ. ನಾನು ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದನ್ನು ಲೆಕ್ಕ ಇಟ್ಟು, ಮನಸ್ಸು ಮಾಡಿ ಮಾಡಬಹುದು ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗಿದ್ದರೆ ನಮ್ಮ ದೇಶದ ಯಾವ ದೊಡ್ಡ ಕಂಪನಿಗೂ ಜಾತಿಯ ಲೆಕ್ಕ ಮಾತ್ರ ಯಾಕೆ ಇಷ್ಟು ಕಷ್ಟ?

ಕಾಕಾನ ವಿಷಯಕ್ಕೆ ಬರ್ತೀನಿ. ಅವರು ಬೆಂಗಳೂರಿಗೆ ಹೋದದ್ದು ಬರಗಾಲದ ವರ್ಷ, ಇಡೀ ಸಂಸಾರ ಕಟ್ಟಿಕೊಂಡು. ಮೊದಲು ಅವರು ದುಡಿದ ದೊಡ್ಡ ಸೈಟು ಒಂದು ಸ್ಟಾರ್ ಹೋಟೆಲಿನದೇ. ಯಾವುದು ಅನ್ನೋದು ಬೇಡ. ಹದಿನಾಲ್ಕು ಸ್ಲ್ಯಾಬಿನ ಕಟ್ಟಡ. ಕಾಕು ಕಾಂಕ್ರೀಟ್ ಹೊತ್ತಳು, ತಗಡಿನ ಶೆಡ್ಡಿನಲ್ಲಿ ಮಗಳು ಹುಟ್ಟಿದಳು. ಕಟ್ಟಡ ಮುಗಿದು ದೀಪ ಹತ್ತಿದ ಮೇಲೆ ಒಂದು ದಿನ ಆ ಮಗಳಿಗೆ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಗೇಟಿನ ಹತ್ತಿರ ಸೆಕ್ಯುರಿಟಿಯವನು ಯಾರು ಬೇಕು ಅಂತ ಕೇಳಿದ. "ನಾ ಏನ್ ಹೇಳಲಿ, ಏಳನೇ ಸ್ಲ್ಯಾಬ್ ನಂದು ಅನ್ನಲಾ?" ಅಂತ ಕಾಕಾ ನಗ್ತಾ ಹೇಳ್ತಾರೆ. ಆ ಸೆಕ್ಯುರಿಟಿಯವನೂ ನಮ್ಮ ಬೀದರ ಕಡೆಯ ಹುಡುಗನೇ. ಅವನದೂ ಹೊರಗುತ್ತಿಗೆ ನೌಕರಿ.

ಆ ಮಗಳು ಈಗ ಡಿಗ್ರಿ ಮುಗಿಸಿದ್ದಾಳೆ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡ್ತೀನಿ ಅಂತಾಳೆ. ಅವಳಿಗೆ ಯಾವ ಬಾಗಿಲು ತೋರಿಸೋಣ?

ಲೆಕ್ಕ ಹಾಕಿ. 2001ಕ್ಕೆ 30 ಸೇರಿಸಿದರೆ 2031. ಗುತ್ತಿಗೆಯ ಅವಧಿ ಮುಗಿಯುವುದು ದೂರ ಇಲ್ಲ. ಇಂಥ ವಿಷಯಗಳ ತೀರ್ಮಾನ ಕೊನೆ ದಿನ ಆಗೋದಿಲ್ಲ, ಎರಡು ಮೂರು ವರ್ಷ ಮೊದಲೇ ಫೈಲುಗಳಲ್ಲಿ ಆಗಿಹೋಗುತ್ತದೆ. ಆಮೇಲೆ ನಾವು ಫ್ರೀಡಂ ಪಾರ್ಕಿನಲ್ಲಿ ಕೂತರೆ ಏನೂ ಬರಲ್ಲ. ಈಗಲೇ ಕೇಳಬೇಕು.

ಕೊಟ್ಟಿದ್ದು ವಾಪಸ್ ಬರೋದಿಲ್ಲ ಅನ್ನೋರಿಗೆ ಮೈಸೂರಿನ ಲಲಿತಮಹಲ್ ತೋರಿಸಿ. 1931ರಲ್ಲಿ ಪೂರ್ತಿಯಾದ ಅರಮನೆ ಅದು. 1974ರಿಂದ ಐಟಿಡಿಸಿ ಹೋಟೆಲ್ ಆಗಿತ್ತು. 2018ರಲ್ಲಿ ರಾಜ್ಯ ಸರ್ಕಾರಕ್ಕೆ ಮರಳಿತು, ರಾಜ್ಯದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಈಗ ನಡೆಸುತ್ತಿದೆ. ಸರ್ಕಾರ ಮನಸ್ಸು ಮಾಡಿದರೆ ವಾಪಸ್ ಬರುತ್ತದೆ.

ಖಾಸಗಿಯವರಿಗೆ ಕೊಟ್ಟರೆ ಮೀಸಲಾತಿ ಹಾಕಲು ಬರಲ್ಲ ಅನ್ನೋರಿಗೆ ನಮ್ಮ ರಾಜ್ಯದ ಟೆಂಡರ್ ಕಾಯ್ದೆ ತೋರಿಸಿ. ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಅಂತ ತಿದ್ದುಪಡಿ ಮಾಡಿದ್ದು ಇದೇ ಕರ್ನಾಟಕ. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ ಇತ್ತು, ಆಮೇಲೆ ಮಿತಿ ಏರಿಸಿದರು. 2024ರಲ್ಲಿ ಹೊರಗುತ್ತಿಗೆ ನೇಮಕಾತಿಗೂ ಮೀಸಲಾತಿ ಅನ್ವಯ ಮಾಡಿ ಅಂತ ಸುತ್ತೋಲೆ ಬಂತು. ಅಂದರೆ ಸರ್ಕಾರದ ಆಸ್ತಿ, ಸರ್ಕಾರದ ದುಡ್ಡು ಇರುವ ಕಡೆ ಷರತ್ತು ಹಾಕಲು ದಾರಿ ಇದೆ.

ಹಾಗಾಗಿ ನನ್ನ ಬೇಡಿಕೆ ಮೂರು.

ಒಂದು: ಬೆಂಗಳೂರು ಅಶೋಕದ ಗುತ್ತಿಗೆ ಪತ್ರ ಮತ್ತು 2001ರಲ್ಲಿ ಅಲ್ಲಿದ್ದ ಪರಿಶಿಷ್ಟ ನೌಕರರ ಲೆಕ್ಕ ಸಾರ್ವಜನಿಕರ ಮುಂದೆ ಬರಲಿ.

ಎರಡು: 2031ರ ನಂತರ ಅದು ಸರ್ಕಾರದ ಕೈಗೆ ಬರಲಿ, ಇಲ್ಲವೇ ಯಾರಿಗೇ ಕೊಡಲಿ, ನೇರ ನೇಮಕಾತಿ ಮತ್ತು ಹೊರಗುತ್ತಿಗೆ ಎರಡರಲ್ಲೂ ಮೀಸಲಾತಿ ಷರತ್ತಾಗಲಿ. ಪ್ರಯತ್ನ ಬೇಡ, ಪರ್ಸೆಂಟೇಜ್ ಬೇಕು.

ಮೂರು: ಇದು ಒಂದು ಹೋಟೆಲಿಗೆ ಮಾತ್ರ ಅಲ್ಲ. 2021ರ ನಗದೀಕರಣ ಪಟ್ಟಿಯಲ್ಲಿ ದೆಹಲಿಯ ಮೂಲ ಅಶೋಕ ಹೋಟೆಲೂ ಇದೆ. ಗುತ್ತಿಗೆಗೆ ಹೋಗುವ ಪ್ರತಿ ಸಾರ್ವಜನಿಕ ಆಸ್ತಿಗೂ ಇದೇ ಷರತ್ತು ಇರಲಿ.

ನಿಮ್ಮಿಂದ ಆಗಬೇಕಾದ ಕೆಲಸ ಇಷ್ಟೇ. ನಮ್ಮ ವಿಜಯಪುರ ಲೋಕಸಭಾ ಕ್ಷೇತ್ರ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ನಮ್ಮ ಓಟಿನಿಂದ, ನಮ್ಮ ಹೆಸರಿನ ಮೀಸಲಾತಿಯಿಂದ ಪಾರ್ಲಿಮೆಂಟಿಗೆ ಹೋಗುವವರಿಗೆ ಒಂದು ಪ್ರಶ್ನೆ ಕೇಳಿ ಅಂತ ನಾವು ಕೇಳಬಹುದಲ್ಲ? ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಾ ತಾಲೂಕಿನ ಗೆಳೆಯರು ನಿಮ್ಮ ನಿಮ್ಮ ಸಂಘಟನೆಯ ಲೆಟರ್‌ಹೆಡ್ಡಿನಲ್ಲಿ ಒಂದೊಂದು ಪತ್ರ ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಬೇರೆ ಜಿಲ್ಲೆಯವರೂ ನಿಮ್ಮ ಸಂಸದರಿಗೆ ಬರೆಯಿರಿ. ಅರ್ಜಿಯ ಮಾದರಿ ಬೇಕಾದವರು ಕೆಳಗೆ ತಿಳಿಸಿ, ಕಳಿಸ್ತೀನಿ.

ಅವತ್ತು ಸಂಜೆ ನಾವು ಅಶೋಕದ ಒಳಗೆ ಹೋಗಲಿಲ್ಲ. ಶಿವಾನಂದ ಸರ್ಕಲ್ಲಿನ ಹತ್ತಿರ ರಸ್ತೆ ಬದಿ ಒಂದು ಗಾಡಿಯಲ್ಲಿ ಚಹಾ ಕುಡಿದೆವು. ಪೇಪರ್ ಕಪ್ಪು. ಎಲ್ಲರಿಗೂ ಒಂದೇ. ಕಾಕಾ ಕಪ್ಪು ಬಿಸಾಡಿ, ತಿರುಗಿ ಆ ಕಟ್ಟಡದ ಕಡೆ ಇನ್ನೊಂದು ಸಲ ನೋಡಿ ಹೇಳಿದರು:

"ನಮ್ದು ಅನ್ನೂದಾದ್ರ ಕಾಗದ ತಗದು ನೋಡ್ರಿ. ಬಾಯಿ ಮಾತ್ ಸಾಕಾಗಂಗಿಲ್ಲ."

ಕಾಗದ ತೆಗೆದು ನೋಡೋಣ.

ಜೈ ಭೀಮ್. ಜೈ ಸಂವಿಧಾನ.